ಎಡಗೈಯ ಕೆಳಗೊಂದು ಎಡಗೈ

ನಮ್ಮ ಬೀದಿಯ ಕೊನೆಯಲ್ಲಿರುವ ಜಿಮ್ಮಿನಿಂದ ಒಂದು ದಿನ ಗುಲಾಬಿ ಬಣ್ಣದ ಡಂಬೆಲ್ ಒಂದನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದೆ. ಕದಿಯಲಿಕ್ಕಲ್ಲ, ತೂಗಿಸಲಿಕ್ಕೆ. ಅದರ ಮೇಲೆ ಎರಡು ಕೆಜಿ ಎಂದು ಬರೆದ ಮಾತ್ರಕ್ಕೆ ಅದು ಎರಡೇ ಕೆಜಿ ಇರಬೇಕೆಂದು ಎಲ್ಲಿದೆ? ಜಿಮ್ಮಿನ ಕೆಳಗೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವಾಕೆಯ ತಕ್ಕಡಿ ಮೇಲೆ ಅದನ್ನಿಟ್ಟೆ. ಆಕೆ ಬೀನ್ಸ್ ಆರಿಸುವುದನ್ನು ಬಿಟ್ಟು ನನ್ನನ್ನೇ ನೋಡಿದಳು.

"ಏನಕ್ಕ ಇದು? ಇದನ್ನ ಯಾವ ರೇಟಿಗೆ ಹಾಕ್ಲಿ?"

ತಕ್ಕಡಿ ಎರಡು ಕೆಜಿಗಿಂತ ಸ್ವಲ್ಪ ಹೆಚ್ಚೇ ತೋರಿಸಿತು. ಡಂಬೆಲ್ ಸರಿಯಿದ್ದರೆ ಇಷ್ಟು ವರ್ಷ ನಾನು ಅವಳಿಂದ ತಂದ ಬೀನ್ಸೆಲ್ಲ ಕಡಿಮೆ. ತಕ್ಕಡಿ ಸರಿಯಿದ್ದರೆ ಜಿಮ್ಮಿನ ಹುಡುಗ ನನ್ನಿಂದ ಹೇಳಿದ್ದಕ್ಕಿಂತ ಹೆಚ್ಚು ಎತ್ತಿಸುತ್ತಿದ್ದಾನೆ. ಇಬ್ಬರಲ್ಲಿ ಯಾರನ್ನೂ ಬಿಟ್ಟುಕೊಡಲು ಮನಸ್ಸಾಗದೆ ಇಬ್ಬರ ಮೇಲೂ ಅನುಮಾನ ಇಟ್ಟುಕೊಂಡು ಡಂಬೆಲನ್ನು ಮೇಲಕ್ಕೆ ಒಯ್ದಿಟ್ಟೆ.

ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಅಂಟಿಕೊಂಡದ್ದು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದೆ. ಪಾಠಕ್ಕಿಂತ ಹೆಚ್ಚಾಗಿ ನನ್ನ ಹೆಸರು ಕೆಟ್ಟಿದ್ದು ಪರೀಕ್ಷೆಯ ಕೋಣೆಯಲ್ಲಿ. ಬಳೆಯ ಒಳಮೈಗೆ ಅಂಟಿಸಿದ ಸೂತ್ರ, ಜಡೆಯ ರಿಬ್ಬನ್ನಿನಲ್ಲಿ ಸುತ್ತಿಟ್ಟ ಪ್ರಮೇಯ, ನೀರಿನ ಬಾಟಲಿಯ ಲೇಬಲ್ಲಿನ ಹಿಂದೆ ಇರುವೆ ಸಾಲಿನಂಥ ಅಕ್ಷರ, ಎಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು. ನಿವೃತ್ತಿಯಾದ ಮೇಲೆ ಈ ಕಣ್ಣಿಗೆ ಕೆಲಸವಿಲ್ಲದೆ ಮನೆಯ ಮೇಲೆ ತಿರುಗಿತು. ಹಾಲಿನವನು, ಗ್ಯಾಸ್ ಸಿಲಿಂಡರ್, ಸಕ್ಕರೆ ಕಾಯಿಲೆಯ ನಮ್ಮ ಮನೆಯವರ ಜೇಬಿನಲ್ಲಿ ಸಿಗುವ ಚಾಕಲೇಟಿನ ಕಾಗದ. "ನಿನ್ನ ಮುಂದೆ ಉಸಿರಾಡೋಕೂ ಹಾಲ್ ಟಿಕೆಟ್ ಬೇಕು ಕಣೇ" ಎಂದು ಅವರು ಗೊಣಗುತ್ತಿದ್ದರು.

ನನ್ನ ಎಡಗೈ ಮುರಿದದ್ದೂ ಅವರ ಸ್ಕೂಟರಿನಿಂದಲೇ. ಹೇರೋಹಳ್ಳಿಯಲ್ಲಿ ನೆಂಟರ ಗೃಹಪ್ರವೇಶವಿತ್ತು. ಪೈಪು ಹಾಕಲು ಅಗೆದು ಮುಚ್ಚಿದಂತೆ ಮಾಡಿ ಬಿಟ್ಟ ರಸ್ತೆ, ನಡುವೆ ಒಂದು ನೀರಿನ ಗುಂಡಿ. ನನಗೆ ಆ ನೀರಿನ ಮೇಲೆ ಅನುಮಾನ ಬಂತು, ಇಳಿದು ನಡೆದು ಬರ್ತೀನಿ ಅಂದೆ. "ಏನೂ ಆಗಲ್ಲ, ಕೂತ್ಕೋ" ಅಂದರು. ಆಯಿತು. ಅವರಿಗೆ ಮೊಣಕಾಲು ತರಚಿತು, ನನಗೆ ಮೊಣಕೈ ಮೇಲಿನ ಮೂಳೆ ಬಿರುಕು ಬಿಟ್ಟಿತು. ಒಂದೂವರೆ ತಿಂಗಳು ಪ್ಲಾಸ್ಟರ್ ಹೊತ್ತು, ಅದನ್ನು ಕತ್ತರಿಸಿದ ದಿನ ನೋಡಿದರೆ ಒಳಗಿದ್ದದ್ದು ನನ್ನ ಕೈಯೇ ಅಲ್ಲ ಅನ್ನಿಸಿತು. ರವಿಕೆ ಹಾಕಿದರೆ ಬಲತೋಳು ಬಿಗಿ, ಎಡತೋಳು ಜೋಲು. ಕಾಫಿ ಲೋಟ ಎತ್ತಿದರೆ ನಡುಕ.

ಇಷ್ಟಕ್ಕೇ ಆಗಿದ್ದರೆ ಈ ವಯಸ್ಸಿನಲ್ಲಿ ಜಿಮ್ಮಿನ ಮೆಟ್ಟಿಲು ಹತ್ತುವವಳಲ್ಲ ನಾನು. ಕೆಲಸದವಳಿದ್ದಾಳೆ, ಬಲಗೈ ಇದೆ, ಹೇಗೋ ಸಾಗುತ್ತಿತ್ತು. ನನ್ನ ಎಡಗೈ ಬೇಕಾಗಿದ್ದದ್ದು ನನಗಲ್ಲ, ನಮ್ಮ ಅತ್ತೆಗೆ.

ಅತ್ತೆ ದಾವಣಗೆರೆ ಕಡೆಯವರು. ಎಂಬತ್ತೈದು ದಾಟಿದೆ. ನಮ್ಮೊಂದಿಗೆ ಬಸವೇಶ್ವರನಗರಕ್ಕೆ ಬಂದು ಎಷ್ಟೋ ವರ್ಷವಾದರೂ ಬೆಂಗಳೂರಿನ ಮಾತಾಗಲೀ ಬೆಂಗಳೂರಿನ ಸಾರಾಗಲೀ ಅವರಿಗೆ ಒಗ್ಗಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಬೆಳ್ಳಿಯ ಕರಡಿಗೆ ತೆರೆದು, ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡಿದ ಮೇಲೇ ಅವರ ಬಾಯಿಗೆ ನೀರು. ಮದುವೆಯಾಗಿ ಬಂದ ದಿನದಿಂದ ಹೀಗೆ ನೋಡಿದ್ದೇನೆ. ಜ್ವರವಿರಲಿ, ಪ್ರಯಾಣವಿರಲಿ, ಮಗನ ಮದುವೆಯ ಗದ್ದಲವಿರಲಿ, ಲಿಂಗಪೂಜೆಯಾಗದೆ ಅವರು ಒಂದು ತುತ್ತು ಉಂಡವರಲ್ಲ. ನಾನೂ ಲಿಂಗ ಕಟ್ಟಿಕೊಂಡವಳೇ, ಆದರೆ ನನ್ನದು ಗ್ಯಾಸಿನ ಮೇಲೆ ಹಾಲಿಟ್ಟು ಬಂದವಳ ಪೂಜೆ. ಅವರದು ಹಾಗಲ್ಲ. ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಮೊಣಕೈಯನ್ನು ಎಲ್ಲಿಗೂ ಊರದೆ, ಬಲಗೈಯಿಂದ ನೀರೆರೆದು, ವಿಭೂತಿ ಇಟ್ಟು, ಬಿಲ್ವಪತ್ರೆ ಏರಿಸಿ, ಆಮೇಲೆ ಕಾಲು ಗಂಟೆ ಅದನ್ನೇ ನೋಡುತ್ತ ಕೂರುತ್ತಾರೆ.

ಕೆಲವು ವರ್ಷಗಳ ಹಿಂದೆ ಆ ಕೈ ನಡುಗಲು ಶುರುವಾಯಿತು. ಆಗ ನಾವಿಬ್ಬರೂ ಒಂದು ಉಪಾಯ ಮಾಡಿಕೊಂಡೆವು. ನಾನು ಅವರ ಬೆನ್ನ ಹಿಂದೆ, ಎಡಕ್ಕೆ ಸ್ವಲ್ಪ ಸರಿದು, ಮಗುವಿಗೆ ಅಕ್ಷರ ತಿದ್ದಿಸುವವರಂತೆ ಕೂರುತ್ತಿದ್ದೆ. ಅವರ ಎಡಗೈಯ ಕೆಳಗೆ ನನ್ನ ಎಡಗೈ. ಲಿಂಗ ಅವರ ಅಂಗೈಯಲ್ಲೇ ಇರುತ್ತಿತ್ತು, ಭಾರ ಮಾತ್ರ ನನ್ನ ಮೇಲೆ. ಮಗ ಯಾಕೆ ಹಿಡಿಯಬಾರದು ಎಂದರೆ, ನಮ್ಮ ಮನೆಯವರು ಕಾಲೇಜಿನ ದಿನಗಳಲ್ಲೇ ಲಿಂಗ ತೆಗೆದಿಟ್ಟವರು. "ನಿನ್ನ ಕೊರಳೇ ಬರಿದು, ನಿನ್ನ ಕೈ ಯಾಕೆ ಬೇಕು" ಎಂದು ಅತ್ತೆ ಒಮ್ಮೆ ಹೇಳಿದ್ದು ಅಲ್ಲಿಗೇ ಮುಗಿಯಿತು. ನಾನು ಬಿದ್ದ ಮೇಲೆ ಬಲಗೈ ಒಡ್ಡಿ ನೋಡಿದೆ. "ಲಿಂಗಕ್ಕೆ ಎಡಗೈಯೇ ಪೀಠ ಕಣವ್ವ, ಬಲಗೈ ಪೂಜೆಗೆ" ಎಂದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ನನಗೆ ಪ್ಲಾಸ್ಟರ್ ಹಾಕಿದ ಆ ವಾರ ಅವರು ಒಬ್ಬರೇ ಕೂತರು. ಅಂಗೈ ನಡುಗಿ ಲಿಂಗ ಜಾರಿತು. ಪುಣ್ಯಕ್ಕೆ ಮಡಿಲಿನ ಸೆರಗಿಗೆ ಬಿತ್ತು. ನಾನು ಓಡಿ ಹೋದಾಗ ಅವರು ಎರಡೂ ಕೈಯಲ್ಲಿ ಸೆರಗನ್ನು ಹಾಗೇ ಮುದ್ದೆ ಮಾಡಿ ಹಿಡಿದು ಕೂತಿದ್ದರು. "ನೆಲಕ್ಕೆ ಬಿದ್ದಿದ್ರೆ ನಾನು ಇರ್ತಿರಲಿಲ್ಲ" ಅಂದರು. ಇದು ಬೆದರಿಕೆಯ ಮಾತಲ್ಲ, ಅವರ ಕಾಲದವರು ಹಾಗೇ ನಂಬಿದವರು. ಆ ದಿನ ಅವರು ಏನೂ ತಿನ್ನಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು, ನೀರೂ ಇಲ್ಲ. ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಮೂಳೆ ಕೂಡಲು ಕೊಟ್ಟ ನನ್ನ ಮಾತ್ರೆಗಳನ್ನು ಮೇಜಿನ ಮೇಲಿಟ್ಟು, "ನೀವು ಉಣ್ಣಲಿಲ್ಲ ಅಂದ್ರೆ ನಾನೂ ಉಣ್ಣಲ್ಲ. ಖಾಲಿ ಹೊಟ್ಟೆಗೆ ಇದನ್ನ ನುಂಗೋ ಹಾಗಿಲ್ಲ. ಮೂಳೆ ಕೂಡದಿದ್ರೆ ಕೂಡದೆ ಇರ್ಲಿ" ಅಂದೆ. ಅವರು ಬಹಳ ಹೊತ್ತು ಮಾತ್ರೆಗಳನ್ನೇ ನೋಡಿದರು. ರಾತ್ರಿಯಾಗುವ ಮೊದಲು ಒಂದು ಲೋಟ ಹಾಲು ಕುಡಿದರು.

ಮಾರನೇ ದಿನದಿಂದ ಅತ್ತೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಪೂಜೆ ಮಾಡತೊಡಗಿದರು. "ನಾ ಮಾಡ್ಕೋತೀನಿ, ನೀ ಚಿಂತಿ ಮಾಡಬ್ಯಾಡ" ಅಂದರು. ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಬಂದು ಊಟಕ್ಕೆ ಕೂತರು. ನಮ್ಮ ಮನೆಯವರು ಸಮಸ್ಯೆ ಬಗೆಹರಿಯಿತು ಎಂದು ಪೇಪರ್ ಓದತೊಡಗಿದರು. ನನಗೆ ಮಾತ್ರ ಅದು ನಂಬುವಂತಿರಲಿಲ್ಲ. ಕಾಫಿ ಲೋಟ ಹಿಡಿಯಲಾಗದ ಕೈ ಒಂದೇ ರಾತ್ರಿಯಲ್ಲಿ ಲಿಂಗ ಹಿಡಿಯುವಷ್ಟು ಗಟ್ಟಿಯಾಗುವುದು ಹೇಗೆ?

ಪ್ಲಾಸ್ಟರ್ ಬಿಚ್ಚಿ, ಫಿಸಿಯೋಥೆರಪಿಯವರು ಕೊಟ್ಟ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸತ್ತ ಮೇಲೆ ಡಾಕ್ಟರು, "ಮೂಳೆ ಕೂಡಿದೆ, ಇನ್ನು ಮಾಂಸ ಕಟ್ಟಬೇಕು, ತೂಕ ಎತ್ತಿ" ಅಂದರು. ಹಾಗೆ ಜಿಮ್ಮಿಗೆ ಸೇರಿದೆ. ಅಚ್ಚರಿಯೆಂದರೆ, ಬಾಲ್ಕನಿಗೆ ನೈಟಿಯಲ್ಲಿ ಹೋದರೂ ಮುಖ ಸಿಂಡರಿಸುವ ಅತ್ತೆಯೇ "ಹೋಗಿ ಬಾ, ಬೆಳಗ್ಗೇನೇ ಹೋಗಿ ಬಾ" ಎಂದು ನನ್ನನ್ನು ಕಳಿಸತೊಡಗಿದರು. ಅವರ ಪೂಜೆಯ ಹೊತ್ತೇ ನನ್ನ ಜಿಮ್ಮಿನ ಹೊತ್ತು. ಇದೂ ನನಗೆ ಸರಿ ಕಾಣಲಿಲ್ಲ.

ಜಿಮ್ಮಿನ ಟ್ರೇನರ್ ಶ್ರೀಗಂಧದ ಕಾವಲಿನ ಕಡೆಯ ಹುಡುಗ. ಅವನ ಒಂದು ತೋಳಿನಲ್ಲಿ ನನ್ನಂಥವರ ಎರಡು ಮಾಡಬಹುದು. ಅವನ ಹಿಂದಿನ ಕಪಾಟಿನ ತುಂಬ ಪ್ರೋಟೀನ್ ಪೌಡರಿನ ಡಬ್ಬಗಳಿದ್ದವು. ಇವನು ಮೊದಲ ವಾರದಲ್ಲೇ ಅದನ್ನು ನನ್ನ ತಲೆಗೆ ಕಟ್ಟುತ್ತಾನೆ ಎಂದು ಕಾದೆ. ಕಟ್ಟಲಿಲ್ಲ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

"ಮೇಡಂ, ಗೋಲ್ ಏನು?"

"ಎಡಗೈ."

"ಎಡಗೈ ಮಾತ್ರಾನಾ? ಸೈಜ್ ಬೇಕಾ, ಸ್ಟ್ರೆಂತ್ ಬೇಕಾ?"

ಅದು ಅವನಿಗೆ ಯಾಕೆ ಬೇಕು ಎಂದುಕೊಂಡು, "ಮೊದಲು ನೀನು ಏನೇನಿದೆ ತೋರಿಸಪ್ಪ, ಆಮೇಲೆ ಹೇಳ್ತೀನಿ" ಅಂದೆ.

ತೋಳಿನ ಮುಂಭಾಗದ ಮಾಂಸಕ್ಕೆ ಮಾಡುವುದನ್ನೆಲ್ಲ ಅವರು ಕರ್ಲ್ ಎನ್ನುತ್ತಾರೆ. ಮೊಣಕೈ ಮಡಚಿ ಭಾರವನ್ನು ಹೆಗಲ ಕಡೆಗೆ ತರುವುದು, ಇಳಿಸುವುದು. ಇಷ್ಟೇ ಕೆಲಸಕ್ಕೆ ಅಷ್ಟೊಂದು ಬಗೆ ಯಾಕೆ ಎಂಬುದೇ ನನ್ನ ಮೊದಲ ತಕರಾರು. ಫೋನಿನಲ್ಲಿ ವೀಡಿಯೊ ನೋಡಿದರೆ ಒಬ್ಬೊಬ್ಬನದು ಒಂದೊಂದು ವಾದ. ಉಳಿದವರೆಲ್ಲ ತಪ್ಪು ಮಾಡುತ್ತಿದ್ದಾರೆ, ನನ್ನದೇ ಸರಿ ಎಂದು ಪ್ರತಿಯೊಬ್ಬನೂ ಅಂಗಿ ಬಿಚ್ಚಿ ಹೇಳುತ್ತಿದ್ದ. ಎಲ್ಲರ ತೋಳೂ ಒಂದೇ ಗಾತ್ರ. ಹಾಗಾದರೆ ಯಾರ ಮಾತು ನಿಜ? ಉತ್ತರಪತ್ರಿಕೆ ತಿದ್ದುವವಳಂತೆ ಒಂದೊಂದನ್ನೇ ಪರೀಕ್ಷಿಸಬೇಕೆಂದು ನಿರ್ಧರಿಸಿದೆ. ನನ್ನ ಪ್ರಶ್ನೆ ಒಂದೇ: ಇದರಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವವರು ಯಾರು?

ಮೊದಲು ಬಾರ್‌ಬೆಲ್. ತೂಕದ ಬಿಲ್ಲೆ ಹಾಕದ ಬರೀ ಸಣ್ಣ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಬೇಕು. ಸಲೀಸಾಗಿ ಮೇಲೆ ಬಂತು, ಹುಡುಗ "ಸೂಪರ್ ಮೇಡಂ" ಅಂದ. ನಾನು ಕನ್ನಡಿ ನೋಡಿದೆ. ಕಂಬಿ ಎಡಕ್ಕೆ ವಾಲಿತ್ತು. ಬಲಗೈ ಎತ್ತುತ್ತಿದೆ, ಎಡಗೈ ಸುಮ್ಮನೆ ಜೊತೆಗೆ ಹೋಗುತ್ತಿದೆ. ಬುದ್ಧಿವಂತನ ಪಕ್ಕದ ಬೆಂಚಿನಲ್ಲಿ ಕೂತು ಪಾಸಾಗುವವರನ್ನು ನಾನು ಎಷ್ಟು ಜನರನ್ನು ಎಬ್ಬಿಸಿ ಬೇರೆ ಕೂರಿಸಿಲ್ಲ! ಅದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಡಂಬೆಲ್, ಒಂಟಿ ಎಡಗೈಯಲ್ಲಿ. ಇಲ್ಲಿ ಬಲಗೈಯ ಆಟ ನಡೆಯುವುದಿಲ್ಲ ಎಂದು ಖುಷಿಯಿಂದ ಎತ್ತುತ್ತಿದ್ದೆ. ಹಿಂದಿನಿಂದ ಹುಡುಗನ ದನಿ ಬಂತು.

"ಮೇಡಂ, ಚೀಟ್ ಮಾಡ್ತಾ ಇದೀರಾ."

ಜೀವಮಾನದಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. "ಏನಂದೆ?" ಎಂದು ತಿರುಗಿದೆ. ಪಕ್ಕದಲ್ಲಿ ಬೆಂಚ್ ಮೇಲಿದ್ದ ಹುಡುಗರಿಬ್ಬರು ಎದ್ದು ಕೂತರು.

"ಅಯ್ಯೋ ಹಂಗಲ್ಲ ಮೇಡಂ, ಅದಕ್ಕೆ ಚೀಟಿಂಗ್ ಅಂತಾನೇ ಅನ್ನೋದು. ಸೊಂಟ ಹಿಂದೆ ಎಸೆದು ಆ ಜೋರಲ್ಲಿ ಎತ್ತುತಾ ಇದೀರಾ. ಕೈ ಏನೂ ಮಾಡ್ತಿಲ್ಲ."

ಸಿಟ್ಟಿನಲ್ಲಿ ಮನೆಗೆ ಬಂದುಬಿಟ್ಟೆ. ಬೀರುವಿನ ಕನ್ನಡಿಯ ಮುಂದೆ ನೀರು ತುಂಬಿದ ಬಾಟಲಿ ಹಿಡಿದು ಎತ್ತಿ ನೋಡಿದೆ. ಅವನು ಹೇಳಿದ್ದು ನಿಜ. ನನ್ನ ಸೊಂಟ ನನಗೇ ತಿಳಿಯದ ಹಾಗೆ ಕೈಗೆ ಉತ್ತರ ಹೇಳಿಕೊಡುತ್ತಿತ್ತು. ನನಗೆ ನಾಚಿಕೆಯಾಯಿತು, ಮಾರನೇ ದಿನ ಹೋಗಿ ಅವನ ಮುಖ ನೋಡದೆ ಡಂಬೆಲ್ ಕೈಗೆತ್ತಿಕೊಂಡೆ.

ಹ್ಯಾಮರ್ ಕರ್ಲ್ ಎಂಬುದು ಸುತ್ತಿಗೆ ಹಿಡಿದಂತೆ, ಹೆಬ್ಬೆರಳು ಮೇಲಾಗಿ ಎತ್ತುವುದು. ಅದರಲ್ಲಿ ನಾನು ಒಮ್ಮೆಲೇ ಮೂರು ಕೆಜಿಗೆ ಹೋದೆ. ಯಾವ ಮಗುವಾದರೂ ದಿಢೀರನೆ ಹೆಚ್ಚು ಅಂಕ ತೆಗೆದರೆ ನಾನು ಮೊದಲು ನೋಡುತ್ತಿದ್ದದ್ದು ಅಕ್ಕಪಕ್ಕದವರ ಪತ್ರಿಕೆಯನ್ನು. ಹುಡುಗನನ್ನು ಹಿಡಿದು ಕೇಳಿದೆ. ಹೌದು, ಹಾಗೆ ಹಿಡಿದರೆ ಮುಂಗೈಯ ಮಾಂಸ, ತೋಳಿನ ಅಡಿಯ ಇನ್ನೊಂದು ಮಾಂಸ ಹೆಚ್ಚು ಭಾರ ಹೊರುತ್ತವೆ, ಅದೂ ಒಳ್ಳೆಯದೇ ಎಂದ. ಒಳ್ಳೆಯದಿರಬಹುದು. ಆದರೆ ಅಂಗೈ ಪಕ್ಕಕ್ಕೆ ತಿರುಗಿದ್ದರೆ ಅದರ ಮೇಲೆ ಏನು ನಿಲ್ಲುತ್ತದೆ? ನನಗೆ ಬೇಕಾದದ್ದು ಆಕಾಶ ನೋಡುವ ಅಂಗೈ.

ಪ್ರೀಚರ್ ಕರ್ಲ್ ನನಗೆ ಹಿಡಿಸಿತು. ಇಳಿಜಾರು ಹಲಗೆಯ ಮೇಲೆ ತೋಳು ಪೂರ್ತಿ ಊರಿ, ಅಂಗೈ ಮೇಲೆ ಮಾಡಿ ಎತ್ತಬೇಕು. ಸೊಂಟ, ಹೆಗಲು, ಬಲಗೈ, ಯಾರೂ ಸಹಾಯಕ್ಕೆ ಬರುವಂತಿಲ್ಲ. ಒಂದೇ ಕೆಜಿಗೆ ಕೈ ಗಡಗಡ ನಡುಗಿ ನನ್ನ ನಿಜವಾದ ಅಂಕ ಹೊರಬಿತ್ತು. ಕಾನ್ಸೆಂಟ್ರೇಷನ್ ಕರ್ಲೂ ಇಂಥದ್ದೇ, ಕೂತು ಮೊಣಕೈಯನ್ನು ತೊಡೆಗೆ ಒತ್ತಿ ಎತ್ತುವುದು. ಅದರಲ್ಲಿ ತೋಳಿನ ಮೇಲೆ ಗುಡ್ಡ ಏಳುತ್ತದೆ ಎಂದು ಹುಡುಗ ತನ್ನದನ್ನೇ ಎಬ್ಬಿಸಿ ತೋರಿಸಿದ. ಎರಡೂ ಪ್ರಾಮಾಣಿಕ, ತಕರಾರಿಲ್ಲ. ಆದರೆ ಎರಡರಲ್ಲೂ ಮೊಣಕೈಗೆ ಆಸರೆಯಿದೆ. ಅತ್ತೆಯ ಬೆನ್ನ ಹಿಂದೆ ನನಗೆ ಯಾವ ಹಲಗೆ ಇಡುತ್ತಾರೆ?

ಹೀಗೆ ಎಲ್ಲವನ್ನೂ ಫೇಲು ಮಾಡಿ ಕೊನೆಗೆ ನನ್ನದೇ ಒಂದು ದಾರಿ ಹಿಡಿದೆ. ಸೊಂಟ ಕಳ್ಳಾಟ ಆಡದಂತೆ ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲುವುದು, ಮೊಣಕೈಯನ್ನು ಗೋಡೆಗೆ ತಾಗಿಸದೆ ಡಂಬೆಲನ್ನು ಅರ್ಧಕ್ಕೆ ಎತ್ತುವುದು, ಅಲ್ಲೇ ನಿಲ್ಲಿಸಿ ಹಿಡಿದುಕೊಂಡಿರುವುದು. ಹುಡುಗ ತಲೆ ಕೆರೆದುಕೊಂಡ.

"ಮೇಡಂ, ಇದು ಕರ್ಲೇ ಅಲ್ಲ. ಅರ್ಧಕ್ಕೆ ನಿಲ್ಸಿದ್ರೆ ಸೈಜ್ ಬರಲ್ಲ."

"ಬೇಡ."

"ನಿಜ ಹೇಳಿ ಮೇಡಂ, ಆರ್ಮ್ ರೆಸ್ಲಿಂಗ್ ಏನಾದ್ರೂ ಇದ್ಯಾ? ಲೇಡೀಸ್ ಕ್ಲಬ್ಬಲ್ಲಿ?"

ಅವನೂ ನನ್ನನ್ನು ಅನುಮಾನದಿಂದ ನೋಡತೊಡಗಿದ್ದಾನೆ ಎಂದು ಆಗ ತಿಳಿಯಿತು. ಮತ್ತೆ ಡಂಬೆಲ್ ಎತ್ತಿ ಅರ್ಧಕ್ಕೆ ನಿಲ್ಲಿಸಿದೆ.

ಇತ್ತ ಮನೆಯಲ್ಲಿ ನನ್ನ ಇನ್ನೊಂದು ವಿಚಾರಣೆ ನಡೆದೇ ಇತ್ತು. ಜಿಮ್ಮಿನಿಂದ ಬಂದವಳೇ ದೇವರ ಕೋಣೆಗೆ ಹೋಗಿ ನೋಡುತ್ತಿದ್ದೆ. ನೀರೆರೆಯುವ ಪುಟ್ಟ ಗಿಂಡಿ ನಾನು ತುಂಬಿಸಿಟ್ಟಷ್ಟೇ ಇರುತ್ತಿತ್ತು. ತಟ್ಟೆ ಒಣಗಿರುತ್ತಿತ್ತು. ಬಿಲ್ವದ ಎಲೆಗಳಿಗೆ ನೀರು ತಾಗಿದ ಗುರುತೇ ಇಲ್ಲ. ಲಿಂಗಕ್ಕೆ ಎರೆದ ನೀರನ್ನು ಅತ್ತೆ ಪಾದೋದಕ ಎಂದು ಕುಡಿಯುತ್ತಾರೆ, ಒಂದು ಹನಿ ಚೆಲ್ಲುವವರಲ್ಲ, ಸರಿ. ಆದರೆ ಎರೆಯದೇ ಇದ್ದದ್ದನ್ನು ಕುಡಿಯುವುದು ಹೇಗೆ? ನನ್ನ ತಲೆಯಲ್ಲಿ ಮೂರು ಅನುಮಾನ ಓಡಾಡಿದವು. ಒಂದು, ಲಿಂಗವನ್ನು ಮಣೆಯ ಮೇಲೆ ಇಟ್ಟು ಕೈಮುಗಿಯುತ್ತಿದ್ದಾರೆ, ಅದನ್ನು ನನಗೆ ಹೇಳಲು ನಾಚಿಕೆ. ಎರಡು, ನಾನಿಲ್ಲದಾಗ ಕೆಲಸದವಳ ಕೈ ಹಿಡಿಸುತ್ತಿದ್ದಾರೆ. ಮೂರನೆಯದನ್ನು ಯೋಚಿಸಲೂ ಇಷ್ಟವಿರಲಿಲ್ಲ. ಪೂಜೆಯನ್ನೇ ಬಿಟ್ಟಿದ್ದಾರೆ, ಬರೀ ವಿಭೂತಿ ಬಳಿದುಕೊಂಡು ಬಂದು ಉಣ್ಣುತ್ತಿದ್ದಾರೆ.

ಕೆಲಸದವಳನ್ನು ಕೇಳಿದೆ. "ಅಜ್ಜಿ ನನ್ನ ಬಾಗ್ಲ ಹತ್ರಾನೂ ಬಿಡಲ್ಲಕ್ಕ" ಅಂದಳು. ನಮ್ಮ ಮನೆಯವರನ್ನು ಕೇಳಿದರೆ, "ಬಿಡೇ ಅತ್ಲಾಗೆ. ಅವ್ವ ಹೊತ್ತಿಗೆ ಸರಿಯಾಗಿ ಉಣ್ತಾಳಲ್ಲ, ಅಷ್ಟು ಸಾಲ್ದಾ?" ಅಂದರು. ನನಗೆ ಸಾಲಲಿಲ್ಲ. ನೇರವಾಗಿ ಅತ್ತೆಯನ್ನೇ ಕೇಳಿದರೆ ಅವರು ಸುಳ್ಳು ಹೇಳಬೇಕಾಗುತ್ತದೆ. ಅವರ ಬಾಯಿಂದ ಸುಳ್ಳು ಕೇಳಲು ನನಗೆ ಧೈರ್ಯವಿರಲಿಲ್ಲ.

ಹಾಗಾಗಿ ಪರೀಕ್ಷೆಯ ಕೋಣೆಗೆ ದಿಢೀರನೆ ನುಗ್ಗುವ ಸ್ಕ್ವಾಡಿನವರ ದಾರಿ ಹಿಡಿದೆ. ಒಂದು ಬೆಳಿಗ್ಗೆ "ಬರ್ತೀನಿ ಅತ್ತೆ" ಎಂದು ಜೋರಾಗಿ ಕೂಗಿ, ಗೇಟು ಸದ್ದು ಮಾಡಿ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಪಾತ್ರೆ ತೊಳೆಯುವ ಜಾಗದಿಂದ ಹಿತ್ತಿಲಿಗೆ ಬಂದೆ. ದೇವರ ಕೋಣೆಗೆ ಅಲ್ಲೊಂದು ಸಣ್ಣ ಕಿಟಕಿಯಿದೆ.

ಅತ್ತೆ ಮಣೆಯ ಮೇಲೆ ನೆಟ್ಟಗೆ ಕೂತಿದ್ದರು. ಕರಡಿಗೆ ಕೊರಳಲ್ಲಿ ಮುಚ್ಚಿದ ಹಾಗೇ ಇತ್ತು. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿದ್ದರು, ಅಂಗೈ ಖಾಲಿ. ಬಲಗೈಯಿಂದ ಒಂದು ಬಿಲ್ವಪತ್ರೆ ತೆಗೆದು ಆ ಖಾಲಿ ಅಂಗೈ ಮೇಲೆ ಇಟ್ಟರು. ಕೈ ನಡುಗಿತು, ಎಲೆ ಮಡಿಲಿಗೆ ಬಿತ್ತು. ಎತ್ತಿ ಮತ್ತೆ ಇಟ್ಟರು. ಮತ್ತೆ ಬಿತ್ತು. ಅವರ ತುಟಿ ಮಂತ್ರ ಹೇಳುತ್ತಲೇ ಇತ್ತು. ಹೀಗೆ ಎಷ್ಟು ಸಲ ಆಯಿತೋ. ಕೊನೆಗೆ ಎಲೆಯನ್ನು ಕಣ್ಣಿಗೊತ್ತಿಕೊಂಡು, ಮುಚ್ಚಿದ ಕರಡಿಗೆಗೆ "ತಪ್ಪಾತಪ್ಪ" ಎಂದು ಹೇಳಿ, ಹಣೆಗೆ ವಿಭೂತಿ ಇಟ್ಟುಕೊಂಡರು. ಗೋಡೆ ಹಿಡಿದು ಎದ್ದು ಹೊರಗೆ ಹೋದರು, ಅಡುಗೆಮನೆಯಿಂದ ತಟ್ಟೆ ಹಾಕಿಕೊಂಡ ಸದ್ದು ಬಂತು.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದ ಯೋಚನೆ, ಸಿಕ್ಕಿಬಿದ್ದರು ಎಂಬುದೇ. ಅದು ಅಭ್ಯಾಸ. ಅದರ ಹಿಂದೆಯೇ ಉಳಿದದ್ದೆಲ್ಲ ಅರ್ಥವಾಯಿತು. ಲಿಂಗ ನೆಲಕ್ಕೆ ಬಿದ್ದೀತೆಂಬ ಭಯಕ್ಕೆ ಅದನ್ನು ಹೊರಗೇ ತೆಗೆಯುತ್ತಿಲ್ಲ. ಪೂಜೆಯಾಗದೆ ಉಣ್ಣುವುದಿಲ್ಲ ಎಂಬ ಜೀವಮಾನದ ನೇಮವನ್ನು ದಿನಾ ಮುರಿದು ಉಣ್ಣುತ್ತಿದ್ದಾರೆ. ಯಾಕೆಂದರೆ ಅವರು ಉಣ್ಣದಿದ್ದರೆ ಈ ಸೊಸೆ ಉಣ್ಣುವುದಿಲ್ಲ, ಮಾತ್ರೆ ನುಂಗುವುದಿಲ್ಲ, ಕೈ ಗಟ್ಟಿಯಾಗುವುದಿಲ್ಲ. ನನಗಾಗಿ ಒಬ್ಬರು ಇಷ್ಟು ದೊಡ್ಡ ಮೋಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಒಳಗೆ ಹೋಗಿ ಅವರ ಮುಂದೆ ನಿಲ್ಲಲು ನನ್ನಿಂದ ಆಗಲಿಲ್ಲ. ನನ್ನ ಕೈಯಿನ್ನೂ ನಂಬುವಂಥದ್ದಾಗಿರಲಿಲ್ಲ. ಎರಡು ನಡುಗುವ ಕೈ ಸೇರಿ ಲಿಂಗ ಬೀಳಿಸಿದರೆ? ಕಣ್ಣು ಒರೆಸಿಕೊಂಡು ಜಿಮ್ಮಿಗೆ ಹೋದೆ.

ಅಂದು ಆ ಹುಡುಗನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. ಸ್ವಲ್ಪ ಯೋಚಿಸಿ, "ಮೊದ್ಲೇ ಹೇಳ್ಬಾರ್ದಾ ಮೇಡಂ. ಹಿಡಿಯೋದೊಂದನ್ನೇ ಮಾಡಿದ್ರೆ ಸಾಲಲ್ಲ. ಪೂರ್ತಿ ಕರ್ಲ್ ಮಾಡಿ ತಾಕತ್ ಬರ್ಲಿ, ಆಮೇಲೆ ಹಿಡೀರಿ. ಎರಡೂ ಬೇಕು" ಅಂದ. ನಾನು ವಾದ ಮಾಡಲಿಲ್ಲ. ಮೊದಲು ಪ್ರೀಚರ್ ಹಲಗೆಯ ಮೇಲೆ, ಆಮೇಲೆ ಗೋಡೆಗೆ ಒರಗಿ ಎಂದು ಕ್ರಮವಾಯಿತು. ಲಿಂಗ ನಿಂಬೆಹಣ್ಣಿನಷ್ಟೂ ಭಾರವಿಲ್ಲ. ಒಂದು ಡಂಬೆಲ್ ಎತ್ತುವ ಕೈಗೆ ಅದು ಲೆಕ್ಕವೇ ಅಲ್ಲ. ಆದರೆ ಎತ್ತುವುದು ಸುಲಭ, ಅಲುಗದೆ ಇರುವುದು ಕಷ್ಟ. ದಿನಾ ಕೈ ಉರಿದು ಬೆಂಕಿಯಾಗುತ್ತಿತ್ತು. ಮನೆಗೆ ಬಂದು ಅತ್ತೆಯ ಜೊತೆ ಊಟಕ್ಕೆ ಕೂತು, ಅವರು ತುತ್ತು ಬಾಯಿಗಿಡುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುವುದನ್ನು ಕಾಣದವಳಂತೆ ನಾನೂ ಉಣ್ಣುತ್ತಿದ್ದೆ.

ಎಡತೋಳಿನ ರವಿಕೆ ಸ್ವಲ್ಪ ತುಂಬಿಕೊಂಡಿತು ಅನ್ನಿಸಿದ ಮೇಲೆ ಒಂದು ಸೋಮವಾರ ಸ್ನಾನ ಮಾಡಿ, ಜಿಮ್ಮಿಗೆ ಹೋಗದೆ, ದೇವರ ಕೋಣೆಯ ಬಾಗಿಲಲ್ಲಿ ನಿಂತೆ.

"ಇವತ್ತು ಹೋಗಲ್ವಾ?" ಅತ್ತೆಯ ದನಿಯಲ್ಲಿ ಗಾಬರಿಯಿತ್ತು.

"ಇಲ್ಲ. ಕೈ ಹಿಡೀತೀನಿ."

ಅವರು ನನ್ನ ಮುಖ ನೋಡಿದರು, ತೋಳು ನೋಡಿದರು. ಹತ್ತಿರ ಕರೆದು, ಬದನೆಕಾಯಿ ಆರಿಸುವಂತೆ ಎಡತೋಳನ್ನು ಒತ್ತಿ ನೋಡಿದರು. "ಗಟ್ಟಿ ಐತಿ" ಅಂದರು, ಆದರೂ ನಂಬಲಿಲ್ಲ. ಕಂಠದವರೆಗೆ ನೀರು ತುಂಬಿದ ಗಿಂಡಿಯನ್ನು ನನ್ನ ಅಂಗೈ ಮೇಲೆ ಇಟ್ಟು, "ನಾ ಹೇಳೋವರ್ಗೂ ಹಂಗೇ ಇರು" ಎಂದು ಅದರ ಬಾಯನ್ನೇ ನೋಡುತ್ತ ಕೂತರು. ನನ್ನನ್ನು ಮೀರಿಸುವ ಮೇಲ್ವಿಚಾರಕಿ ನಮ್ಮ ಮನೆಯಲ್ಲೇ ಇದ್ದರು. ನೀರು ಕದಲಿತು, ಚೆಲ್ಲಲಿಲ್ಲ. ಅವರು ಗಿಂಡಿ ತೆಗೆದು ಪಕ್ಕಕ್ಕಿಟ್ಟರು.

ನಾನು ಅವರ ಬೆನ್ನ ಹಿಂದೆ ಕೂತೆ. ಅವರು ಕರಡಿಗೆ ತೆರೆದರು, ಒಳಗಿನ ಬಿಳಿ ವಸ್ತ್ರ ಬಿಚ್ಚಿದರು. ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮೊದಲು ಅವರ ಕೈ ನಿಂತಿತು. ನಾನು ನನ್ನ ಅಂಗೈಯನ್ನು ಕೆಳಗೆ ಒಡ್ಡಿದೆ. ಅವರ ಕೈ ಒಣಗಿ ಹಗುರವಾಗಿತ್ತು, ತಣ್ಣಗಿತ್ತು. ಲಿಂಗ ಇಟ್ಟರು. ನಡುಕ ನನ್ನ ಕೈಗೆ ತಾಕಿತು, ನಾನು ತಡೆದೆ. ನೀರೆರೆದರು. ವಿಭೂತಿ ಇಟ್ಟರು. ಬಿಲ್ವಪತ್ರೆ ಇಟ್ಟರು. ಅದು ಅಲ್ಲೇ ನಿಂತಿತು.

ಆಮೇಲೆ ಅವರು ನೋಡುತ್ತ ಕೂತರು. ಕಾಲು ಗಂಟೆಯಾಗಿರಬೇಕು, ಏಳಲಿಲ್ಲ. ನನ್ನ ತೋಳು ಉರಿಯತೊಡಗಿತು. ಬಿಟ್ಟುಹೋದ ದಿನಗಳದ್ದನ್ನೆಲ್ಲ ಇವತ್ತೇ ಮುಗಿಸುವ ಯೋಚನೆಯೋ, ಇನ್ನೂ ನನ್ನನ್ನು ಪರೀಕ್ಷಿಸುತ್ತಿದ್ದಾರೋ ಎಂದು ಅನುಮಾನ ಬಂತು. ಹೊರಗೆ ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋಗಿ ಮುಂದಿನ ರಸ್ತೆ ಸೇರಿದ. ಹಲ್ಲು ಕಚ್ಚಿ ಹಿಡಿದೆ. ಸಾಕು ಅತ್ತೆ ಎಂದು ಇನ್ನೇನು ಹೇಳಬೇಕು, ಅಷ್ಟರಲ್ಲಿ ಅವರು ಪಾದೋದಕ ತೆಗೆದುಕೊಂಡು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಇಳಿಸಿ ಮುಚ್ಚಿದರು.

ಅವರು ಹಿಂದೆ ತಿರುಗಲಿಲ್ಲ. ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಅವತ್ತು ಕಿಟಕಿ ಹತ್ರ ನಿಂತು ನೋಡಿದ್ಯಲ್ಲ."

"ನಿಮಗೆ ಗೊತ್ತಾಯ್ತಾ?"

"ನಿನ್ನ ನೆರಳು ಬಿತ್ತು. ಒಳಗೆ ಬರ್ತೀಯ ಅಂತ ಕಾದೆ."

"ಕೈಗೆ ಬಲ ಇರಲಿಲ್ಲ ಅತ್ತೆ. ಬಿದ್ದುಬಿಟ್ರೆ ಅಂತ..."

"ಬೀಳಾಕೆ ಏನಿತ್ತವ್ವ ಅಲ್ಲಿ?" ಅಂದರು. "ಖಾಲಿ ಕೈ. ಒಬ್ಬಳೇ ಹಿಡ್ಕೊಂಡು ಕೂತಿದ್ದೆ. ಬಂದು ಸುಮ್ನೆ ಹಿಂಗೆ ಹಿಡ್ದಿದ್ರೆ ಸಾಕಿತ್ತು."

ನನ್ನ ತೋಳು ಸೋತು ನಡುಗುತ್ತಿತ್ತು. ಕರಡಿಗೆ ಅವರ ಕೊರಳಿಗೆ ಹೋಗಿ ಆಗಿತ್ತು, ಹಿಡಿಯಲು ಏನೂ ಉಳಿದಿರಲಿಲ್ಲ. ಅವರು ಎಡಗೈಯನ್ನು ಇನ್ನೂ ಕೆಳಗಿಳಿಸಿರಲಿಲ್ಲ, ನಾನೂ ನನ್ನದನ್ನು ತೆಗೆಯಲಿಲ್ಲ.